ಕಾರಿಗೆ ಅಂತ ಕ್ಯಾಮೆರಾ ತಗೋಬೇಡಿ, ಪಡಸಾಲೆಗೆ ಅಂತ ತಗೊಳ್ಳಿ

ನಿಮ್ಮ ಪ್ರಶ್ನೆ ಓದಿದೆ: ಬಾಗಲಕೋಟೆ, ಕ್ಯಾಮೆರಾಗೆ ಬಜೆಟ್ 25,000 ರೂಪಾಯಿ, ಮನೆಮಂದಿ ಫೋಟೋ, ಜೊತೆಗೆ ಹೊಸ ಬಿಳಿ ಕಾರಿನ ಫೋಟೋ. "40 ಎಕ್ಸ್ ಝೂಮ್ ಇರೋದು ತಗೊಳ್ಳಲಾ, ಮೆಗಾಪಿಕ್ಸೆಲ್ ಜಾಸ್ತಿ ಇರೋದು ತಗೊಳ್ಳಲಾ" ಅಂತ ಕೇಳಿದ್ದೀರಿ. ಊರು ಬಿಟ್ಟರೆ ಮಿಕ್ಕಿದ್ದೆಲ್ಲ ನನ್ನದೇ ಕಥೆ. ನಾನು ವಿಜಯಪುರದವನು. ನೀವು ಕೇಳಿ ತಗೊಳ್ತಿದ್ದೀರಿ, ನಾನು ಕೇಳದೆ ತಗೊಂಡೆ.

ಆಗ ಮನೆಗೆ ಮೊದಲ ಸಲ ಕಾರು ಬಂದಿತ್ತು, ಅಣ್ಣನ ಮಗಳ ತೊಟ್ಟಿಲ ಕಾರ್ಯಕ್ರಮವೂ ಹತ್ತಿರ ಬಂದಿತ್ತು. ಅಂಗಡಿಯವನು ಒಂದು ದಪ್ಪ ಕ್ಯಾಮೆರಾ ಕೈಗೆ ಕೊಟ್ಟು, ಮೆಟ್ಟಿಲ ಮೇಲೆ ನಿಲ್ಲಿಸಿ, "ಗೋಳಗುಮ್ಮಟಕ್ಕ ಹಿಡೀರಿ" ಅಂದ. ಹಿಡಿದೆ. ಗುಂಡಿ ಒತ್ತಿದ ಹಾಗೆ ಗುಮ್ಮಟ ಹತ್ತಿರ ಬಂತು. ಆಮೇಲೆ ಮೂಲೆಯ ಏಳಂತಸ್ತಿನ ಮಿನಾರು, ಆಮೇಲೆ ಅದರ ಕಿಂಡಿಯಲ್ಲಿ ಕೂತ ಪಾರಿವಾಳ. ಕಣ್ಣಿಗೆ ಕಾಣದ್ದು ಸ್ಕ್ರೀನ್ ಮೇಲೆ ಕಂಡಿತು. ಅಲ್ಲಿಗೆ ನನ್ನ ತಲೆ ಕೆಲಸ ಮಾಡೋದು ನಿಂತಿತು. 16 ಮೆಗಾಪಿಕ್ಸೆಲ್, 40 ಎಕ್ಸ್. ದುಡ್ಡು ಎಣಿಸಿ ಕೊಟ್ಟೆ.

ತಪ್ಪಾಗಿದ್ದು ಎಲ್ಲಿ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದರೆ ನಿಮ್ಮ ಪ್ರಶ್ನೆಯಲ್ಲೂ ಅದೇ ಇದೆ. ನಾನು ಆ ಕ್ಯಾಮೆರಾ ನೋಡಿದ್ದು ನಡುಮಧ್ಯಾಹ್ನದ ಬಿಸಿಲಿನಲ್ಲಿ. ವಿಜಯಪುರದ ಬಿಸಿಲಿನಲ್ಲಿ ಎಂಥ ಕ್ಯಾಮೆರಾ ಆದರೂ ಚೆನ್ನಾಗಿಯೇ ತೆಗೆಯುತ್ತದೆ. ಆದರೆ ನಾನು ಫೋಟೋ ತೆಗೆಯಬೇಕಾಗಿದ್ದು ನಮ್ಮ ಪಡಸಾಲೆಯಲ್ಲಿ. ನಮ್ಮದು ಮಣ್ಣಿನ ಮಾಳಿಗೆ ಮನೆ. ದಪ್ಪ ಗೋಡೆ, ಸಣ್ಣ ಕಿಟಕಿ, ಹೊಗೆ ಹಿಡಿದು ಕರಿಯಾದ ಜಂತಿ, ಮಧ್ಯೆ ಒಂದು ಟ್ಯೂಬ್‌ಲೈಟ್. ಕ್ಯಾಮೆರಾ ತಗೊಳ್ಳುವಾಗ ಈ ಪಡಸಾಲೆ ಒಂದು ಸಲವೂ ನೆನಪಿಗೆ ಬರಲಿಲ್ಲ.

ತೊಟ್ಟಿಲ ದಿನ ಹೆಂಗಸರೆಲ್ಲ ತೊಟ್ಟಿಲ ಸುತ್ತ ಸೇರಿದ್ದರು. ಝೂಮ್ ಇದೆಯಲ್ಲ ಅಂತ ನಾನು ಹಿಂದೆ ಬಾಗಿಲ ಹತ್ತಿರ ನಿಂತೆ. ಸೋದರತ್ತೆ ಬಗ್ಗಿ ಮಗುವಿನ ಕಿವಿಯಲ್ಲಿ "ಕುರ್ರ್" ಅಂದಳು, ಹೆಸರು ಹೇಳಿದಳು, ಉಳಿದವರು ನಗುತ್ತಾ ಅವಳ ಬೆನ್ನಿಗೆ ದಬದಬ ಗುದ್ದಿದರು. ಇಡೀ ಕಾರ್ಯಕ್ರಮದಲ್ಲಿ ಫೋಟೋಗೆ ಬೇಕಾದ ಕ್ಷಣ ಅದೊಂದೇ. ಫೋಟೋದಲ್ಲಿ ಗುದ್ದೋ ಕೈಗಳು ಹೊಗೆಯ ಹಾಗೆ ಬಂದಿವೆ. ಮುಖಗಳಿಗೆ ಮೇಣ ಸವರಿದ ಹಾಗಿದೆ. ಅವ್ವ ಹೊಸ ಇಳಕಲ್ ಸೀರೆ ಉಟ್ಟಿದ್ದಳು. ಸೆರಗಿನ ತೋಪು ತೆನೆ, ಆ ಕೆಂಪಿನ ಮೇಲೆ ಬಿಳಿಯ ಗೋಪುರಗಳು, ಒಂದೂ ಇಲ್ಲ. ಎಲ್ಲ ಕಲಸಿ ಗುಲಾಬಿ ಬಣ್ಣದ ಒಂದು ಪಟ್ಟಿ. ಆಲ್ಬಮ್ ಮಾಡಿಸೋಕೆ ಹೋದರೆ ಸ್ಟುಡಿಯೋದವರು, "ದೊಡ್ಡದು ಮಾಡಸ್ಬ್ಯಾಡ್ರಿ, ನಿಲ್ಲಂಗಿಲ್ಲ" ಅಂದರು.

ಹೀಗ್ಯಾಕಾಯ್ತು ಅಂದರೆ, ಆ ಜಾತಿಯ ಝೂಮ್ ಕ್ಯಾಮೆರಾಗಳ ಒಳಗೆ ಬೆಳಕು ಹಿಡಿಯೋ ಸೆನ್ಸರ್ ಸುಮಾರು 6.2 ಮಿಮೀ ಅಗಲ, 4.6 ಮಿಮೀ ಎತ್ತರ. ಕಿರುಬೆರಳಿನ ಉಗುರಿಗಿಂತ ಸಣ್ಣದು. ಲೆನ್ಸ್ ಬದಲಿಸಬಹುದಾದ ಕ್ಯಾನನ್ 1500ಡಿ ಥರದ ಕ್ಯಾಮೆರಾದಲ್ಲಿ ಅದು 22.3 ಮಿಮೀ, 14.9 ಮಿಮೀ. ಗುಣಿಸಿ ನೋಡಿ, ಹತ್ತಿರ ಹತ್ತಿರ 12 ಪಟ್ಟು ದೊಡ್ಡದು. ಮೊದಲೇ ಸಣ್ಣ ಸೆನ್ಸರ್, ಅದರ ಮೇಲೆ ನಾನು ಝೂಮ್ ಮಾಡಿದೆ. ಈ ಲೆನ್ಸ್‌ಗಳು ಝೂಮ್ ಆದಷ್ಟೂ ಒಳಗೆ ಬಿಡೋ ಬೆಳಕು ಕಡಿಮೆ. ಎಫ್ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ ಅಂತ ಲೆಕ್ಕ; ಇದು ಎಫ್ 3ರಲ್ಲಿ ಶುರುವಾಗಿ ಎಫ್ 6.5ಕ್ಕೆ ಹೋಗಿ ನಿಲ್ಲುತ್ತದೆ. ನಾನಿದ್ದದ್ದು ಎಫ್ 5ರ ಆಸುಪಾಸು. ಬೆಳಕು ಸಾಲದೆ ಕ್ಯಾಮೆರಾ ಶಟರ್ ಅನ್ನು 1/10 ಸೆಕೆಂಡಿನಷ್ಟು ಹೊತ್ತು ತೆರೆದಿಟ್ಟಿತು. ಗುದ್ದೋ ಕೈ ಅಷ್ಟರಲ್ಲಿ ಎಲ್ಲಿಂದ ಎಲ್ಲಿಗೋ ಹೋಗಿರುತ್ತೆ. ಮೇಲಿಂದ ಐಎಸ್‌ಒ, ಅಂದರೆ ಬೆಳಕಿಗೆ ಸೆನ್ಸರ್‌ನ ಸಂವೇದನೆ, ಏರಿಸಿತು, ಚುಕ್ಕೆ ಚುಕ್ಕೆ ಬಂತು, ಆ ಚುಕ್ಕೆ ಒರೆಸೋ ಭರದಲ್ಲಿ ಸೆರಗಿನ ತೆನೆಯನ್ನೂ ಒರೆಸಿ ಹಾಕಿತು. ಡಬ್ಬದ ಮೇಲೆ "ಸ್ಟೆಬಿಲೈಸೇಶನ್" ಅಂತ ಬರೆದಿತ್ತಲ್ಲ ಅನ್ನಬಹುದು. ಅದು ನಿಮ್ಮ ಕೈ ನಡುಗಿದರೆ ಸರಿ ಮಾಡುತ್ತದೆ. ಎದುರಿಗಿನ ಮಗು ಅಲ್ಲಾಡಿದರೆ ಅದು ಏನೂ ಮಾಡಲ್ಲ.

ಮೆಗಾಪಿಕ್ಸೆಲ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 6×4 ಇಂಚಿನ ಒಳ್ಳೆ ಪ್ರಿಂಟ್‌ಗೆ 2 ಮೆಗಾಪಿಕ್ಸೆಲ್‌ಗಿಂತ ಸ್ವಲ್ಪ ಜಾಸ್ತಿ ಸಾಕು. 12×18ರ ಆಲ್ಬಮ್ ಹಾಳೆಗೂ 9 ಇದ್ದರೆ ನಡೆಯುತ್ತೆ. ನನ್ನ ಹತ್ತಿರ 16 ಇತ್ತು, ಏನು ಬಂತು?

ಈಗ ನೀವು ಒಪ್ಪದೇ ಇರಬಹುದಾದ ಮಾತು. ಕಾರಿಗಾಗಿ ನಿಮಗೆ ಕ್ಯಾಮೆರಾ ಬೇಕಿಲ್ಲ. ಕಾರು ನೀವು ಹೇಳಿದಲ್ಲಿ ನಿಲ್ಲುತ್ತದೆ, ನೀವು ಹೇಳಿದ ಹೊತ್ತಿಗೆ ನಿಲ್ಲುತ್ತದೆ, ಕಣ್ಣು ಮಿಟುಕಿಸಲ್ಲ. ಈಗ ಕೈಯಲ್ಲಿರೋ ಫೋನೇ ಸಾಕು. ಎಲ್ಲರೂ ಮಾಡೋ ತಪ್ಪು ಅಂದರೆ ಹತ್ತಿರ ನಿಂತು ತೆಗೆಯೋದು. ಬಾನೆಟ್ ಊದಿಕೊಂಡು, ಹಿಂದಿನ ಚಕ್ರ ಕುಗ್ಗಿ ಕಾಣುತ್ತೆ. ಹಿಂದೆ ಹೋಗಿ, ಫೋನ್‌ನಲ್ಲಿ 2 ಎಕ್ಸ್ ಇಟ್ಟುಕೊಳ್ಳಿ, ಹೆಡ್‌ಲೈಟ್ ಎತ್ತರಕ್ಕೆ ಕುಕ್ಕರುಗಾಲಲ್ಲಿ ಕೂತು ತೆಗೆಯಿರಿ. ಮುಂದಿನ ಚಕ್ರದ ರಿಮ್ ನಿಮ್ಮ ಕಡೆ ಕಾಣೋ ಹಾಗೆ ಸ್ಟೇರಿಂಗ್ ತಿರುಗಿಸಿ. ನಿಮ್ಮದು ಬಿಳಿ ಕಾರು, ಹಾಗಾಗಿ ಕ್ಯಾಮೆರಾ ಮೋಸ ಹೋಗಿ ಬೂದಿ ಬಣ್ಣ ಮಾಡುತ್ತದೆ, ಎಕ್ಸ್‌ಪೋಷರ್ (ಫೋಟೋದ ಬೆಳಕು) ಸ್ವಲ್ಪ ಪ್ಲಸ್ ಮಾಡಿ. ಬಿಳಿ ಅಂಗಿ ಹಾಕಿಕೊಂಡು ಹೋಗಬೇಡಿ, ಬಾಗಿಲಲ್ಲಿ ನೀವೇ ಕಾಣುತ್ತೀರಿ. ಬಾದಾಮಿ ನಿಮಗೆ ಹತ್ತಿರ ಅಲ್ವಾ? ಸಂಜೆ ಆ ಕೆಂಪು ಬಂಡೆ ಹಿಂದೆ ಬರೋ ಹಾಗೆ ನಿಲ್ಲಿಸಿದರೆ ಬಿಳಿ ಕಾರಿಗೆ ಅದಕ್ಕಿಂತ ಒಳ್ಳೆ ಪರದೆ ಸಿಗಲ್ಲ. ಗಾಜಿನ ಹೊಳಪು ಕಾಟ ಕೊಟ್ಟರೆ ಮುಂದೆ ಯಾವಾಗಲಾದರೂ ಒಂದು ಪೋಲರೈಸರ್ ಫಿಲ್ಟರ್ ತಗೊಳ್ಳಿ. ಗಾಜು ಮತ್ತು ಪೇಂಟ್ ಮೇಲಿನ ಹೊಳಪು ಅದು ತೆಗೆಯುತ್ತೆ, ಕ್ರೋಮ್ ಮೇಲಿಂದು ತೆಗೆಯಲ್ಲ.

ಹಾಗಾಗಿ ಪೂರ್ತಿ ದುಡ್ಡು ಮನೆಯೊಳಗಿನ ಫೋಟೋಗೆ ಹಾಕಿ. 25,000ಕ್ಕೆ ಹೊಸದರ ಆಸೆ ಬಿಡಿ, ಸೆಕೆಂಡ್ ಹ್ಯಾಂಡ್ ನೋಡಿ. ನಿಕಾನ್ ಡಿ3400 ಅಥವಾ ಡಿ3500, ಇಲ್ಲ ಕ್ಯಾನನ್ 1500ಡಿ. ಮೂರೂ 24 ಮೆಗಾಪಿಕ್ಸೆಲ್, ಮೂರರಲ್ಲೂ ದೊಡ್ಡ ಸೆನ್ಸರ್. ಜೊತೆಗೆ ಬರೋ 18-55 ಮಿಮೀ ಝೂಮ್ ಲೆನ್ಸ್ ಹೊರಗಡೆಗೆ ಸಾಕು. ಒಳಗಡೆಗೆ ಎಫ್ 1.8ರ ಒಂದು ಲೆನ್ಸ್ ಬೇಕೇ ಬೇಕು. ನಾನಿದ್ದ ಎಫ್ 5ಕ್ಕೆ ಹೋಲಿಸಿದರೆ ಸುಮಾರು ಎಂಟು ಪಟ್ಟು ಬೆಳಕು. ಅದೇ ಪಡಸಾಲೆಯಲ್ಲಿ 1/10 ಇದ್ದದ್ದು 1/80 ಆಗುತ್ತೆ, ಐಎಸ್‌ಒ ಇದ್ದದ್ದರ ಎರಡರಷ್ಟು ಮಾಡಿದರೆ 1/160. ಅಲ್ಲಾಡೋ ಮಗುವೂ ಫೋಟೋದಲ್ಲಿ ಬಹುತೇಕ ಕಲಸದೆ ಬರುತ್ತೆ.

ಇಲ್ಲಿ ನಾನು ನಿಕಾನ್ ಪಕ್ಷ. ಕ್ಯಾನನ್‌ನ 50 ಮಿಮೀ ಎಫ್ 1.8 ಅಗ್ಗ ಅಂತ ಎಲ್ಲರೂ ಹೇಳ್ತಾರೆ, ಅಗ್ಗ ಹೌದು. ಆದರೆ ಮಿಮೀ ಜಾಸ್ತಿಯಾದಷ್ಟೂ ಕಾಣೋ ಅಗಲ ಕಡಿಮೆ, 10 ಅಡಿ ದೂರದಿಂದ ಅದರಲ್ಲಿ ಕಾಣೋದು ನಾಲ್ಕೂವರೆ ಅಡಿ ಅಗಲ ಮಾತ್ರ. ಮೂರು ಜನ ಕೂತರೆ ಒಬ್ಬರ ಭುಜ ಹೊರಗೆ. ನಿಕಾನ್‌ನ ಡಿಎಕ್ಸ್ (ಈ ಅಳತೆಯ ಸೆನ್ಸರ್‌ಗೆ ಮಾಡಿದ) 35 ಮಿಮೀ ಎಫ್ 1.8ರಲ್ಲಿ ಆರೂವರೆ ಅಡಿ ದಾಟುತ್ತೆ. ನಿಕಾನ್‌ನ ಹಳೆಯ "ಎಎಫ್-ಡಿ" ಲೆನ್ಸ್ ಅಗ್ಗಕ್ಕೆ ಸಿಕ್ಕಿತು ಅಂತ ತಗೋಬೇಡಿ, ಈ ನಿಕಾನ್ ಬಾಡಿಗಳಲ್ಲಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಫೋಕಸ್ ಮೋಟಾರ್ ಇಲ್ಲ, ಫೋಕಸ್ ಕೈಯಲ್ಲೇ ಮಾಡಬೇಕಾಗುತ್ತೆ. 35ರ ಮೇಲೆ "ಎಎಫ್-ಎಸ್" ಅಂತ ಬರೆದಿರಬೇಕು.

ಫ್ಲ್ಯಾಶ್? ನಿಮ್ಮದು ಆರ್‌ಸಿಸಿ ಮನೆಯಾಗಿದ್ದು, ಛಾವಣಿ ಬಿಳಿ ಇದ್ದರೆ ಮೇಲಕ್ಕೆ ತಿರುಗಿಸಿ ಹೊಡೆಯೋ ಫ್ಲ್ಯಾಶ್ ತುಂಬಾ ಒಳ್ಳೆಯದು. ನಮ್ಮ ಕರಿ ಜಂತಿಗೆ ಹೊಡೆದರೆ ಬೆಳಕು ವಾಪಸ್ ಬರಲ್ಲ.

ಹಳೆಯದು ತಗೊಳ್ಳುವಾಗ ಮೊಬೈಲ್ ಟಾರ್ಚ್ ಹಾಕಿ ಲೆನ್ಸ್ ಒಳಗೆ ನೋಡಿ, ಜೇಡರ ಬಲೆಯಂತೆ ಎಳೆ ಕಂಡರೆ ಅದು ಫಂಗಸ್, ವಾಪಸ್ ಕೊಡಿ. ಬೆಳಗಾವಿ ಕಡೆ ಮಳೆಗಾಲ ಕಂಡ ಕ್ಯಾಮೆರಾ ಆದರೆ ಇನ್ನೂ ಹುಷಾರಾಗಿ ನೋಡಿ. ಬಿಳಿ ಗೋಡೆಯ ಫೋಟೋ ಎಫ್ 16ರಲ್ಲಿ ತೆಗೆದರೆ ಸೆನ್ಸರ್ ಮೇಲಿನ ಧೂಳು ಚುಕ್ಕೆಯಾಗಿ ಕಾಣುತ್ತೆ. ಮುಖ್ಯವಾಗಿ, ಅಂಗಡಿ ಮೆಟ್ಟಿಲ ಮೇಲೆ ನಿಂತು ಪರೀಕ್ಷೆ ಮಾಡಬೇಡಿ. ಒಳಗೆ, ಸಾಮಾನು ಇಡೋ ಕತ್ತಲೆ ಮೂಲೆಯಲ್ಲಿ, ಕೆಲಸದ ಹುಡುಗನಿಗೆ ಕೈ ಬೀಸೋಕೆ ಹೇಳಿ ಫೋಟೋ ತೆಗೆಯಿರಿ.

ನಿಮ್ಮ ಹಾಲ್ ಎಷ್ಟು ಅಡಿ ಉದ್ದ ಅಂತ ಹೇಳಿ. 9 ಅಡಿಗಿಂತ ಚಿಕ್ಕದಾದರೆ 35 ಕೂಡ ಇಕ್ಕಟ್ಟಾಗುತ್ತೆ, ಆಗ ಕ್ಯಾನನ್ ಬಾಡಿ ಮತ್ತು ಅದರ 24 ಮಿಮೀ ಎಫ್ 2.8 ನೋಡಬೇಕಾಗುತ್ತೆ.