ಹ್ಯಾಮ್ಲೆಟ್ ಓದಿರದಿದ್ದರೂ ನೋಡಬಹುದು

ಹಳ್ಳಿಯ ಚರ್ಚಿನಲ್ಲಿ ಕೆಲಸವಿಲ್ಲದ ನಟರು ಷೇಕ್ಸ್‌ಪಿಯರ್‌ನ ಹ್ಯಾಮ್ಲೆಟ್ ನಾಟಕ ಆಡುವ ಕಪ್ಪು ಬಿಳುಪಿನ ಚಿತ್ರ ಯಾವುದು, ನಾಟಕ ಓದದವರಿಗೆ ಅದು ಅರ್ಥವಾಗುತ್ತದೆಯೇ ಎಂದು ಕೇಳಿದ್ದೀರಿ. ಅದು ಕೆನೆತ್ ಬ್ರಾನಾ ಬರೆದು ನಿರ್ದೇಶಿಸಿದ 1995ರ 'ಇನ್ ದ ಬ್ಲೀಕ್ ಮಿಡ್‌ವಿಂಟರ್'. ಅಮೆರಿಕದಲ್ಲಿ 'ಎ ಮಿಡ್‌ವಿಂಟರ್ಸ್ ಟೇಲ್' ಎಂಬ ಹೆಸರಿನಲ್ಲಿ ಬಂತು, ಹುಡುಕುವಾಗ ಎರಡನ್ನೂ ಹಾಕಿ ನೋಡಿ.

ಧಾರಾಳವಾಗಿ ಅರ್ಥವಾಗುತ್ತದೆ. ರಾಜಕುಮಾರ ಹ್ಯಾಮ್ಲೆಟ್‌ನ ತಂದೆಯನ್ನು ಚಿಕ್ಕಪ್ಪ ಕೊಂದು, ತಾಯಿಯನ್ನು ಮದುವೆಯಾಗಿದ್ದಾನೆ. ಇಷ್ಟು ತಿಳಿದರೆ ಸಾಕು. ನಗುವೆಲ್ಲ ಇರುವುದು ತಾಲೀಮಿನಲ್ಲಿ: ಕೈಯಲ್ಲಿ ಕಾಸಿಲ್ಲ, ಬೆರಳೆಣಿಕೆಯ ನಟರು ಹತ್ತಾರು ಪಾತ್ರ ಹಂಚಿಕೊಳ್ಳಬೇಕು. ಆ ತಾಯಿ, ರಾಣಿ ಗರ್ಟ್ರೂಡ್ ಆಗುವವರು ಜಾನ್ ಸೆಷನ್ಸ್! ಮೊದಲು ಬರೀ ವಿಡಂಬನೆ ಎನಿಸುವ ಆ ಸ್ತ್ರೀವೇಷ ಕೊನೆಗೆ ಗಂಟಲು ಕಟ್ಟಿಸುತ್ತದೆ. ಗೊಣಗುವ ಹಿರಿಯ ನಟನಾಗಿ ರಿಚರ್ಡ್ ಬ್ರಯರ್ಸ್ ಅವರನ್ನು ನೋಡುವುದಕ್ಕಾಗಿಯೇ ಚಿತ್ರ ಹಾಕಬಹುದು. ಮುಕ್ತಾಯ ಮಾತ್ರ ನನ್ನ ರುಚಿಗೆ ತುಸು ಹೆಚ್ಚೇ ಸಿಹಿ.

ಹಿಡಿಸಿದರೆ ಬ್ರಾನಾ ಮರುವರ್ಷ ಮಾಡಿದ, ಸುಮಾರು 4 ಗಂಟೆಯ ಅದ್ದೂರಿ 'ಹ್ಯಾಮ್ಲೆಟ್' ನೋಡಿ. ಇಲ್ಲಿ ಹ್ಯಾಮ್ಲೆಟ್ ಆಗಲು ಒದ್ದಾಡುವ ಮೈಕೆಲ್ ಮಲೋನಿ ಅಲ್ಲಿ ರಾಜನ ಸಲಹೆಗಾರನ ಮಗ ಲೇರ್ಟಿಸ್, ಬ್ರಯರ್ಸ್ ಆ ಸಲಹೆಗಾರ ಪೊಲೋನಿಯಸ್. ಇದೇ ಕ್ರಮದಲ್ಲಿ ನೋಡಿದರೆ ಮಜಾ ಹೆಚ್ಚು.