ಆಂಗ್ಲಿಕನ್ (ಇಂಗ್ಲೆಂಡ್ ಮೂಲದ) ಚರ್ಚಿನ ಸಹಾಯಕ ಬಿಷಪ್‌ಗಳ ಪಟ್ಟಿಯನ್ನು 1534ರಿಂದ ಶುರು ಮಾಡಬೇಕೋ, 1870ರಿಂದಲೋ ಎಂದು ನೀವು ಕೇಳಿದ್ದೀರಿ.

ನನ್ನ ಎಂ.ಫಿಲ್ ದಿನಗಳು ನೆನಪಾದವು. ನಾನೂ ಇಂಥದ್ದೇ ಪಟ್ಟಿ ಮಾಡಲು ಹೊರಟಿದ್ದೆ.

ನನ್ನ ವಿಷಯ ತಮಿಳುನಾಡಿನ ತಿರುನೆಲ್ವೇಲಿ. 1877ರಲ್ಲಿ ಕಲ್ಕತ್ತೆಯಲ್ಲಿ ಒಂದೇ ದಿನ ಇಬ್ಬರು ಮಿಷನರಿಗಳು ಬಿಷಪ್ ಆದರು. ಒಬ್ಬರು ರಾಬರ್ಟ್ ಕಾಲ್ಡ್‌ವೆಲ್, ಇನ್ನೊಬ್ಬರು ಎಡ್ವರ್ಡ್ ಸಾರ್ಜೆಂಟ್. 1856ರಲ್ಲಿ ಕನ್ನಡ, ತಮಿಳು, ತೆಲುಗುಗಳನ್ನು ಹೋಲಿಸಿ ವ್ಯಾಕರಣ ಬರೆದರಲ್ಲ, ಅದೇ ಕಾಲ್ಡ್‌ವೆಲ್. ಇಬ್ಬರೂ ಮದರಾಸಿನ ಬಿಷಪ್‌ಗೆ ಸಹಾಯಕರು.

ನನ್ನ ತಪ್ಪು ಏನೆಂದರೆ, ಇಂಗ್ಲೆಂಡಿನ ಸಫ್ರಗನ್ ಬಿಷಪ್ ಮತ್ತು ಈ ಸಹಾಯಕ ಬಿಷಪ್ ಒಂದೇ ಅಂದುಕೊಂಡೆ. ನನ್ನ ಟಿಪ್ಪಣಿಯಲ್ಲಿ ಎರಡಕ್ಕೂ 'ಸಹಾಯಕ' ಎಂದೇ ಬರೆದುಕೊಂಡಿದ್ದೆ. ಎಡವಿದ್ದು ಅಲ್ಲೇ. ಸಫ್ರಗನ್‌ಗೆ ಕಾನೂನೇ ಒಂದು ಊರಿನ ಹೆಸರು ಕೊಡುತ್ತದೆ. ಎಂಟನೇ ಹೆನ್ರಿಯ 1534ರ ಕಾಯ್ದೆಯಲ್ಲಿ ಡೋವರ್, ನಾಟಿಂಗ್‌ಹ್ಯಾಮ್, ಕೋಲ್ಚೆಸ್ಟರ್ ಅಂತ ಊರುಗಳನ್ನೇ ಹೆಸರಿಸಿದ್ದಾರೆ. ಮುಂದೆ ನೇಮಕ ನಿಂತುಹೋಗಿ 250 ವರ್ಷಕ್ಕೂ ಜಾಸ್ತಿ ಖಾಲಿ ಬಿತ್ತು. ಆದರೂ 1870ರಲ್ಲಿ ಡೋವರ್ ಹೆಸರಿಗೆ ಮತ್ತೆ ಬಿಷಪ್ ಬಂದರು, ಏಕೆಂದರೆ ಆ ಪೀಠ, ಅಂದರೆ ಬಿಷಪ್ ಸ್ಥಾನ, ಕಾಯ್ದೆಯಲ್ಲಿ ಉಳಿದಿತ್ತು. ಸಹಾಯಕ ಬಿಷಪ್‌ಗೆ ಅಂಥ ಊರಿಲ್ಲ. ಅಭಿಷೇಕದಲ್ಲಿ ಅವರು ಪೂರ್ತಿ ಬಿಷಪ್ಪೇ. ಕನ್ಫರ್ಮೇಶನ್ (ದೀಕ್ಷಾಸ್ನಾನ ಪಡೆದವರ ನಂಬಿಕೆಯನ್ನು ದೃಢಪಡಿಸುವ ವಿಧಿ) ಕೊಡುತ್ತಾರೆ, ಪಾದ್ರಿಗಳಿಗೆ ದೀಕ್ಷೆ ಕೊಡುತ್ತಾರೆ. ಆದರೆ ಆಡಳಿತದ ಅಧಿಕಾರ ಡಯಾಸಿಸಿನ (ಧರ್ಮಪ್ರಾಂತ್ಯದ) ಬಿಷಪ್‌ದು. ಸಹಾಯಕರು ತೀರಿಕೊಂಡರೆ ಆ ಸ್ಥಾನವೂ ಅಲ್ಲಿಗೆ ಮುಗಿಯಬಹುದು.

ಇದು ತಿಳಿಯದೆ ಇಬ್ಬರನ್ನೂ 'ತಿರುನೆಲ್ವೇಲಿಯ ಬಿಷಪ್' ಎಂದು ಬರೆದೆ. ಆ ಡಯಾಸಿಸ್ ಹುಟ್ಟಿದ್ದೇ 1896ರಲ್ಲಿ! ಸಾರ್ಜೆಂಟ್ 1889ರಲ್ಲಿ, ಕಾಲ್ಡ್‌ವೆಲ್ 1891ರಲ್ಲಿ ತೀರಿಕೊಂಡಿದ್ದರು. ಇಲ್ಲದ ಪೀಠಕ್ಕೆ ಉತ್ತರಾಧಿಕಾರಿಗಳನ್ನು ಹುಡುಕುತ್ತ ಏಳು ತಿಂಗಳು ಹೋಯಿತು. ಗೈಡ್ ಇಡೀ ಅಧ್ಯಾಯ ವಾಪಸ್ ಕೊಟ್ಟರು. ಅಷ್ಟರಲ್ಲಿ ಫೆಲೋಶಿಪ್ ಮುಗಿದಿತ್ತು. ಉಳಿದದ್ದನ್ನು ಟ್ಯೂಷನ್ ಹೇಳಿಕೊಂಡು ಬರೆದೆ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನೀವು ಹೇಳಿದ ಎರಡೂ ಇಸವಿ ಸಫ್ರಗನ್‌ಗಳವು. ಸಹಾಯಕ ಬಿಷಪ್‌ಗಳಿಗೆ ಹಾಗೆ ಒಂದೇ ಸಾಲು ಇಲ್ಲ, ಸುಮ್ನೆ ಪಟ್ಟಿ ಮಾಡಬೇಡಿ. ಒಬ್ಬರನ್ನು ಹಿಡಿಯಿರಿ. ಅವರು ಯಾರಿಗೆ ಸಹಾಯಕರು, ಅವರ ಅಗತ್ಯ ಏಕೆ ಬಿತ್ತು ಎಂದು ಕೇಳಿ. ತಿರುನೆಲ್ವೇಲಿಯಲ್ಲಿ ಎರಡು ಮಿಷನ್ ಸಂಘಗಳಿದ್ದವು. ಎಸ್‌ಪಿಜಿಯವರು (ಸೊಸೈಟಿ ಫಾರ್ ದಿ ಪ್ರಾಪಗೇಶನ್ ಆಫ್ ದಿ ಗಾಸ್ಪೆಲ್) ಕಾಲ್ಡ್‌ವೆಲ್, ಸಿಎಂಎಸ್‌ನವರು (ಚರ್ಚ್ ಮಿಷನರಿ ಸೊಸೈಟಿ) ಸಾರ್ಜೆಂಟ್. ಒಂದೇ ಸೀಮೆಗೆ ಇಬ್ಬರು ಸಹಾಯಕರು ಏಕೆ ಎಂಬುದು ಆಗ ನನಗೆ ಹೊಳೆಯಿತು. ಆಗ ಮದರಾಸಿನ ಬಿಷಪ್ ಆಗಿದ್ದ ಫ್ರೆಡರಿಕ್ ಗೆಲ್ ಅವರ ಕಾಲವನ್ನು ಮೊದಲು ಓದಿ. ನಾನು ಅದನ್ನು ಕೊನೆಗೆ ಓದಿದೆ.