ಕಾರಿನ ಕಂತು ತಿಂಗಳಿಗೊಮ್ಮೆ, ಅಡಿಕೆ ವರ್ಷಕ್ಕೊಮ್ಮೆ

ತಮ್ಮಾ, ಸಾಲ ಮಾಡಿ ಕಾರು ತಗೊಳ್ಳಲಾ ಅಂತ ನೀನು ಗುಂಪಿನಲ್ಲಿ ಕೇಳಿದ ಪ್ರಶ್ನೆ ನಿನ್ನೆ ರಾತ್ರಿಯೇ ಓದಿದೆ. ಗುಂಪಿನಲ್ಲಿ ಅರ್ಧ ಜನ "ಬದುಕೋದು ಒಂದೇ ಸಲ, ತಗೋ ಮಾರಾಯ" ಅಂದಿದ್ದಾರೆ, ಇನ್ನರ್ಧ ಜನ "ಕಾರು ಅಂದ್ರೆ ದಂಡ" ಅಂದಿದ್ದಾರೆ. ನೀನು ಕೊಟ್ಟ ಲೆಕ್ಕವನ್ನು ಮಾತ್ರ ಯಾರೂ ಮುಟ್ಟಿಲ್ಲ. ವಯಸ್ಸು 29, ಮದುವೆಯಾಗಿ ಒಂದು ವರ್ಷ, ನಾಲ್ಕು ಎಕರೆ ಅಡಿಕೆ ತೋಟ, ಹೋದ ಸಲ 28 ಕ್ವಿಂಟಲ್ ರಾಶಿ ಇಡಿ (ಕೆಂಪಡಿಕೆಯ ಒಂದು ಬಗೆ), ಎರಡು ವರ್ಷ ಒಳ್ಳೆ ದರ ಸಿಕ್ಕಿ ಕೈಯಲ್ಲಿ 7 ಲಕ್ಷ. ಕಣ್ಣಿಟ್ಟಿರೋದು ಆನ್‌ರೋಡ್ 22 ಲಕ್ಷದ ಎಸ್‌ಯುವಿ ಮೇಲೆ. 15 ಲಕ್ಷ ಸಾಲ, ಏಳು ವರ್ಷ. ಅಪ್ಪಯ್ಯ ಬೇಡ ಅಂತಾರೆ. ಕೊನೆಗೆ ಒಂದು ಸಾಲು: "ರೈತನಿಗೆ ರಿಟೈರ್‌ಮೆಂಟ್ ಎಲ್ಲಿದೆ, ತೋಟವೇ ಪಿಂಚಣಿ ಅಲ್ವಾ?"

ಆ ಕೊನೆ ಸಾಲಿಂದಲೇ ಶುರು ಮಾಡ್ತೀನಿ, ಯಾಕಂದ್ರೆ ನಾನೂ ನಿನ್ನ ವಯಸ್ಸಲ್ಲಿ ಅದನ್ನೇ ಹೇಳ್ತಿದ್ದೆ.

ನಮ್ಮ ಮನೆಯಿಂದ ತೋಟಕ್ಕೆ ಇಳಿಯೋಕೆ ಅರವತ್ತು ಚಿಲ್ಲರೆ ಮೆಟ್ಟಿಲು. ನಮ್ಮ ಅಪ್ಪಯ್ಯನಿಗೆ 68ಕ್ಕೆ ಮಂಡಿ ಹೋಯ್ತು. ಆಮೇಲೆ ಅವರು ಜಗಲಿ ಮೇಲೆ ಕೂತು ತೋಟದ ತುದಿಯನ್ನಷ್ಟೇ ನೋಡ್ತಿದ್ದರು. ನಾನು ಆಗ ಬೇರೆ ಊರಲ್ಲಿ ಕೆಲಸದಲ್ಲಿದ್ದೆ, ಮೂರು ವರ್ಷ ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟರು. ಚೇಣಿ ಹಿಡಿದವನಿಗೆ ಬೇಕಾದ್ದು ಈ ವರ್ಷದ ಅಡಿಕೆ ಗೊನೆ, ಮುಂದಿನ ಐದು ವರ್ಷದ ತೋಟ ಅಲ್ಲ. ಅವನದು ತಪ್ಪೂ ಅಲ್ಲ. ಬಸಿಗಾಲುವೆ ಮುಚ್ಚಿಹೋಯ್ತು, ಸತ್ತ ಮರದ ಜಾಗದಲ್ಲಿ ಸಸಿ ಬೀಳಲಿಲ್ಲ, ಗೊಬ್ಬರ ಯಾರಿಗೂ ನೆನಪಿರಲಿಲ್ಲ. ನಾನು ವಾಪಸ್ ಬಂದಾಗ ಫಸಲು ಅರ್ಧ. ಈಗ ಸಸಿ ಇಟ್ಟರೆ ಫಲಕ್ಕೆ ಐದಾರು ವರ್ಷ ಕಾಯಬೇಕು ಅನ್ನೋದು ನಿನಗೆ ಹೇಳಿಕೊಡಬೇಕಿಲ್ಲ. ತೋಟ ಪಿಂಚಣಿ ಕೊಡ್ತದೆ ನಿಜ, ಆದರೆ ಇಳಿದು ನೋಡುವವರಿಗೆ. ಕೂತವರಿಗೆ ಅದೇ ಕೂಲಿ ಕೇಳ್ತದೆ. ಜೊತೆಗೆ ಎಲೆಚುಕ್ಕೆ ಒಂದು ಕಡೆ, ಶೃಂಗೇರಿ ಕೊಪ್ಪ ಕಡೆ ಹಳದಿ ಎಲೆ ರೋಗ ಎಷ್ಟು ಮನೆಗಳ ತೋಟ ಮುಗಿಸಿದೆ ಅಂತ ನಿನಗೂ ಗೊತ್ತು.

ಇನ್ನು ಕಾರಿನ ಲೆಕ್ಕ. 15 ಲಕ್ಷಕ್ಕೆ ಶೇ. 9ರ ಬಡ್ಡಿಯಲ್ಲಿ ಏಳು ವರ್ಷ ಅಂದರೆ ತಿಂಗಳಿಗೆ ಹೆಚ್ಚೂಕಮ್ಮಿ 24,130 ರೂಪಾಯಿ. ವರ್ಷಕ್ಕೆ 2.9 ಲಕ್ಷ. ಏಳು ವರ್ಷದಲ್ಲಿ ಬಡ್ಡಿಯೇ ಐದೂಕಾಲು ಲಕ್ಷ. ನಿನ್ನ ಎರಡು ಒಳ್ಳೆ ವರ್ಷದ ಮುಂದೆ ಇದು ದೊಡ್ಡದು ಅನ್ನಿಸೋದಿಲ್ಲ. ಆದರೆ ಸಂಬಳದವರಿಗೆ ಒಂದನೇ ತಾರೀಕು ಹಣ ಬರ್ತದೆ, ಐದನೇ ತಾರೀಕು ಕಂತು ಹೋಗ್ತದೆ. ನಮಗೆ ಹಣ ಬರೋದು ಕೊಯ್ಲು ಮುಗಿದು ಮಾರಿದ ಮೇಲೆ, ವರ್ಷಕ್ಕೊಂದು ಸಲ. ಕಂತಿಗೆ ಅದು ಗೊತ್ತಿಲ್ಲ.

ನನ್ನ ಕಥೆ ಹೇಳ್ತೀನಿ, ನಗಬೇಡ. 2014ರಲ್ಲಿ ರಾಶಿ ದರ ಏರಿದ್ದು ಹಳಬರಿಗೆಲ್ಲ ನೆನಪಿದೆ. ನಾನೂ ಆ ವರ್ಷ 11 ಲಕ್ಷದ ಕಾರು ತಂದೆ, 8 ಲಕ್ಷ ಸಾಲ, ತಿಂಗಳಿಗೆ 17 ಸಾವಿರ ಚಿಲ್ಲರೆ. ಮುಂದಿನ ವರ್ಷದ ಕೊನೆಗೆ ದರ ಅರ್ಧಕ್ಕಿಂತ ಕೆಳಗೆ. ತಡೆದು ಮಾರೋಣ ಅಂದರೆ ಕಂತು ತಡೆಯೋದಿಲ್ಲ. ಅಡಿಕೆ ಮಾರುವ ಮಂಡಿಯಲ್ಲಿ ಮುಂಗಡ ತಗೊಂಡೆ. ಮುಂಗಡ ತಗೊಂಡ ಮೇಲೆ ಅಡಿಕೆ ಅಲ್ಲಿಗೇ ಹೋಗಬೇಕು, ಅವರು ಹೇಳಿದ ದಿನ, ಅವರು ಹೇಳಿದ ದರ. ಎಲ್ಲರೂ ಮಾರುವ ಹೊತ್ತಿಗೇ ನಾನೂ ಮಾರಿದೆ. ಚೀಲ ತಡೆದಿಟ್ಟ ಪಕ್ಕದ ಮನೆಯವರಿಗೆ ನನಗಿಂತ ಹೆಚ್ಚು ಸಿಕ್ಕಿತು.

ಅದಕ್ಕಿಂತ ಕೆಟ್ಟದ್ದು ಆ ಮಳೆಗಾಲದಲ್ಲಾಯ್ತು. ಕೊಳೆರೋಗ ಬರದ ಹಾಗೆ ಬೋರ್ಡೋ ದ್ರಾವಣ ಒಂದು ಸಲ ಹೊಡೆಸಿದ್ದೆ. ಎರಡನೇ ಸಲಕ್ಕೆ ಮೈಲುತುತ್ತ, ಸುಣ್ಣ, ಮರ ಹತ್ತುವ ಕೊನೆಗಾರನ ಕೂಲಿ ಎಲ್ಲ ಸೇರಿ ಕೈ ಖಾಲಿ. "ಮಳೆ ಕಡಿಮೆ ಇದೆ, ನೋಡೋಣ" ಅಂದೆ. ಆಗಸ್ಟಿನಲ್ಲಿ ತೋಟಕ್ಕೆ ಇಳಿದರೆ ಬುಡದ ತುಂಬ ಹಸಿರು ಕಾಯಿ, ಮೇಲೆ ಬೂದು ಬೂಷ್ಟು, ಆ ವಾಸನೆ. ಕಂತು ಮಾತ್ರ ಒಂದೂ ತಪ್ಪಲಿಲ್ಲ. ಬ್ಯಾಂಕಿನವರು ನನ್ನನ್ನು ಒಳ್ಳೆ ಗಿರಾಕಿ ಅಂತ ಹೊಗಳಿದರು.

ಹಾಗಾಗಿ ನೀನು ಒಳ್ಳೆ ವರ್ಷದ ಲೆಕ್ಕದಲ್ಲಿ ಕಂತು ನೋಡಬೇಡ. ಕೊಳೆ ಬಂದು 18 ಕ್ವಿಂಟಲ್, ದರ 30 ಸಾವಿರ ಅಂತ ಹಾಕಿ ನೋಡು: 5.4 ಲಕ್ಷ. ತೋಟದ ಖರ್ಚು ನಾಲ್ಕು ಲಕ್ಷ ಅಂತಲೇ ಇಟ್ಟುಕೋ. ಉಳಿದ 1.4 ಲಕ್ಷದಲ್ಲಿ 2.9 ಲಕ್ಷದ ಕಂತು, ವಿಮೆ, ಡೀಸೆಲ್, ಮನೆ ಖರ್ಚು.

ಈಗ ಅದೇ ಹಣದ ಇನ್ನೊಂದು ದಾರಿ. ಪಿಪಿಎಫ್ (ಸರ್ಕಾರದ 15 ವರ್ಷದ ಉಳಿತಾಯ ಖಾತೆ) ಬಗ್ಗೆ ಗುಂಪಿನಲ್ಲಿ ಯಾರೋ "ಅದು ನೌಕರರಿಗೆ" ಅಂದಿದ್ದಾರೆ. ಉಲ್ಟಾ, ಅಡಿಕೆಯವರಿಗೇ ಹೊಂದೋದು ಅದು. ತಿಂಗಳು ತಿಂಗಳು ಕಟ್ಟಬೇಕಿಲ್ಲ, ವರ್ಷಕ್ಕೆ ಒಂದೇ ಸಲ ಕಟ್ಟಬಹುದು. ಏಪ್ರಿಲ್ 5ರ ಒಳಗೆ ಕಟ್ಟಿದರೆ ಇಡೀ ವರ್ಷದ ಬಡ್ಡಿ ಸಿಗ್ತದೆ, ನಮ್ಮ ಮಾರಾಟದ ಹಣ ಕೈಗೆ ಬರೋದೂ ಹೆಚ್ಚೂಕಮ್ಮಿ ಅದೇ ಹೊತ್ತಿಗೆ. ಕೆಟ್ಟ ವರ್ಷ ಬಂದರೆ 500 ರೂಪಾಯಿ ಹಾಕಿದರೂ ಖಾತೆ ಜೀವಂತ. ಒಬ್ಬರಿಗೆ ವರ್ಷಕ್ಕೆ 1.5 ಲಕ್ಷ ಮಿತಿ. ನಿನ್ನ ಹೆಸರಲ್ಲಿ ಒಂದು, ಹೆಂಡತಿ ಹೆಸರಲ್ಲಿ ಒಂದು ಅಂದರೆ 3 ಲಕ್ಷ. ನೋಡು, ನಿನ್ನ ಕಾರಿನ ವರ್ಷದ ಕಂತೂ ಹತ್ತಿರ ಹತ್ತಿರ ಅಷ್ಟೇ. ಸಾಲಕ್ಕೆ ಈ ಹಣವನ್ನು ಕೋರ್ಟಿನವರು ಜಪ್ತಿ ಮಾಡುವ ಹಾಗಿಲ್ಲ ಅನ್ನೋದು ನಮ್ಮಂಥವರಿಗೆ ಇನ್ನೊಂದು ಧೈರ್ಯ.

2020ರಿಂದ ಬಡ್ಡಿ ಶೇ. 7.1 ಇದೆ. ಸರ್ಕಾರ ಮುಂದೆ ಬದಲಿಸಬಹುದು, ಆದರೂ ಅದೇ ಹಿಡಿದು ಲೆಕ್ಕ ಹಾಕಿದೆ. ಏಳು ವರ್ಷ 3 ಲಕ್ಷದಂತೆ 21 ಲಕ್ಷ ಕಟ್ಟಿ, ಆಮೇಲೆ ಖಾತೆ ಉಳಿಯುವಷ್ಟು ಚಿಲ್ಲರೆ ಮಾತ್ರ ಹಾಕ್ತಾ, 15 ವರ್ಷ ಆದಮೇಲೆ ಐದೈದು ವರ್ಷ ಮುಂದುವರಿಸ್ತಾ ಹೋದರೆ, ನಿನ್ನ 60ಕ್ಕೆ 1.45 ಕೋಟಿ. ಅದೇ ಮೊದಲು ಕಾರಿನ ಕಂತು ಮುಗಿಸಿ 36ಕ್ಕೆ ಶುರು ಮಾಡಿದೆ ಅನ್ನು. ಅಷ್ಟೇ ಹಣ ಮಾಡೋಕೆ 24 ವರ್ಷ, ವರ್ಷಕ್ಕೆ 2.29 ಲಕ್ಷ ಕಟ್ಟಬೇಕು. ಒಟ್ಟು 55 ಲಕ್ಷ. ಏಳು ವರ್ಷ ತಡ ಮಾಡಿದ್ದಕ್ಕೆ 34 ಲಕ್ಷ ಹೆಚ್ಚು.

ಕೋಟಿ ಅಂತ ಕೇಳಿ ಹಿಗ್ಗಬೇಡ. ವರ್ಷಕ್ಕೆ ಶೇ. 6ರಂತೆ ಬೆಲೆ ಏರಿದರೆ ಆ 1.45 ಕೋಟಿ ಇವತ್ತಿನ 24 ಲಕ್ಷಕ್ಕೆ ಸಮ. ಅಂದರೆ ಪಿಪಿಎಫ್ ಹಣವನ್ನು ಹುಳ ಹಿಡಿಯದ ಹಾಗೆ ಕಾಪಾಡ್ತದೆ, ಸ್ವಲ್ಪ ಬೆಳೆಸ್ತದೆ, ಅಷ್ಟೇ. ಹೆಚ್ಚು ಬೇಕು ಅಂದರೆ ಒಂದು ಪಾಲು ಇಂಡೆಕ್ಸ್ ಫಂಡಿಗೆ (ಶೇರುಪೇಟೆ ಸೂಚ್ಯಂಕದ ಜೊತೆ ಏರಿಳಿಯುವ ಫಂಡು) ಹಾಕು, ಆದರೆ ಅಡಿಕೆ ದರ ಬಿದ್ದಾಗ ಬರುವ ಎದೆಬಡಿತ ಅಲ್ಲೂ ಬರ್ತದೆ. ಸರ್ಕಾರದ ಅಟಲ್ ಪಿಂಚಣಿ ಯೋಜನೆಗೆ ಆದಾಯ ತೆರಿಗೆ ಕಟ್ಟುವವರು ಸೇರುವ ಹಾಗಿಲ್ಲ, 2022ರ ಅಕ್ಟೋಬರಿಂದ. ಬರೀ ಕೃಷಿ ಆದಾಯ ಇರುವ ನಿನಗೆ ಆ ತೊಂದರೆ ಇಲ್ಲ. 29ಕ್ಕೆ ಸೇರಿದರೆ ತಿಂಗಳಿಗೆ 529 ರೂಪಾಯಿ, 60ರ ಮೇಲೆ ತಿಂಗಳಿಗೆ 5,000 ಪಿಂಚಣಿ. ಆಗಿನ ಐದು ಸಾವಿರ ಅಂದರೆ ಇವತ್ತಿನ ಎಂಟು ನೂರು ಚಿಲ್ಲರೆ. ಔಷಧಿಗೆ ಆಗಬಹುದು. ಇಬ್ಬರೂ ಸೇರಿ, ಆದರೆ ಅದನ್ನೇ ನಂಬಬೇಡಿ. ಇನ್ನು, ತೆರಿಗೆ ಉಳಿತಾಯ ಅಂತ ಹೇಳಿ ಏನಾದರೂ ಮಾರೋಕೆ ಬಂದವರನ್ನು ಕಾಫಿ ಕೊಟ್ಟು ಕಳಿಸು. ಕಟ್ಟದ ತೆರಿಗೆಯಲ್ಲಿ ಉಳಿಸೋದೇನು?

ಹಾಗಂತ ಕಾರು ಬೇಡ ಅಂತ ನಾನು ಹೇಳೋದಿಲ್ಲ. ಮಳೆಗಾಲದ ರಾತ್ರಿ ಅಮ್ಮನನ್ನು ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಬೈಕ್ ಸಾಕು ಅನ್ನುವವರು ನಮ್ಮ ಊರಿನ ಘಟ್ಟ ಹತ್ತಿ ನೋಡಲಿ. ನನ್ನ ತಕರಾರು 22 ಲಕ್ಷದ ಬಗ್ಗೆ. 10ರಿಂದ 20 ಲಕ್ಷದ ಷೋರೂಂ ಬೆಲೆಯ ಕಾರಿಗೆ ಕರ್ನಾಟಕದಲ್ಲಿ ಜೀವಾವಧಿ ತೆರಿಗೆ ಶೇ. 17, ಮೇಲೆ ಸೆಸ್. ನಿನ್ನ 22ರಲ್ಲಿ ಮೂರು ಲಕ್ಷದ ಮೇಲೆ ಗೇಟಿನಲ್ಲೇ ಹೋಗ್ತದೆ. ಐದನೇ ವರ್ಷ ಆಗುವಾಗ ವಿಮೆಯ ಲೆಕ್ಕದಲ್ಲಿ ಗಾಡಿಯ ಬೆಲೆ ಅರ್ಧ, ನಿನ್ನ ಸಾಲಕ್ಕೆ ಇನ್ನೂ ಎರಡು ವರ್ಷ ಬಾಕಿ. ಅದೇ ನಮ್ಮ ರಾಜ್ಯದಲ್ಲೇ ನೋಂದಣಿಯಾದ ನಾಲ್ಕು ವರ್ಷದ ಗಾಡಿ ತಗೊಂಡರೆ ಆ ತೆರಿಗೆ ಮೊದಲಿನವನೇ ಕಟ್ಟಿರ್ತಾನೆ, ಬೆಲೆ ಇಳಿದದ್ದೂ ಅವನ ತಲೆ ಮೇಲೆ. ಹೊಸದೇ ಬೇಕು ಅಂದರೆ 2025ರ ಸೆಪ್ಟೆಂಬರಿಂದ ಸಣ್ಣ ಕಾರಿಗೆ ಜಿಎಸ್‌ಟಿ ಶೇ. 18ಕ್ಕೆ ಇಳಿದಿದೆ, ದೊಡ್ಡದಕ್ಕೆ 40. ನಾಲ್ಕು ಮೀಟರ್ ಒಳಗಿನದು ನೋಡು.

ನಿನ್ನ ಜಾಗದಲ್ಲಿ ನಾನಿದ್ದರೆ: ಕೈಯಲ್ಲಿರುವ 7ರಲ್ಲಿ 3 ಲಕ್ಷ ಈ ಏಪ್ರಿಲ್‌ಗೆ ಎರಡು ಪಿಪಿಎಫ್ ಖಾತೆಗೆ. 2 ಲಕ್ಷ ಬ್ಯಾಂಕಿನಲ್ಲಿ ಎಫ್‌ಡಿ, ಅದು ಬೋರ್ಡೋಗೆ, ಗೊಬ್ಬರಕ್ಕೆ, ಕೂಲಿಗೆ. ಕಾರಿಗಾಗಿ ಅದನ್ನು ಮುಟ್ಟೋದಿಲ್ಲ. ಉಳಿದ 2 ಲಕ್ಷ ಮತ್ತು ಮುಂದಿನ ಫಸಲಿನ ಒಂದು ಪಾಲು ಸೇರಿಸಿ, ಒಂದು ವರ್ಷ ಕಾದು, 8 ಲಕ್ಷದ ಒಳಗಿನ ಸೆಕೆಂಡ್ ಹ್ಯಾಂಡ್. ಸಾಲ ಬೇಕಾದರೂ 3 ಲಕ್ಷದ ಮೇಲೆ ಬೇಡ, ಮೂರು ವರ್ಷದಲ್ಲಿ ಮುಗಿಯಬೇಕು. ರೈತರಿಗೆ ಕೆಲವು ಕಡೆ ಆರು ತಿಂಗಳಿಗೆ, ವರ್ಷಕ್ಕೆ ಒಂದು ಕಂತು ಮಾಡಿಕೊಡ್ತಾರೆ, ಬಾಯಿಬಿಟ್ಟು ಕೇಳು. ಸೊಸೈಟಿಯ 5 ಲಕ್ಷದ ಬಡ್ಡಿ ಇಲ್ಲದ ಬೆಳೆಸಾಲ ಎತ್ತಿ ಕಾರಿನ ಮುಂಗಡ ಕಟ್ಟು ಅಂತ ಮೇಲೆ ಒಬ್ಬರು ಬರೆದಿದ್ದಾರಲ್ಲ, ಅದನ್ನು ಮಾತ್ರ ಮಾಡಬೇಡ. ಅದು ವರ್ಷಕ್ಕೆ ತೀರಿಸಬೇಕಾದ ಸಾಲ. ಗಡುವು ತಪ್ಪಿದ ದಿನ ಬಡ್ಡಿ ಇಲ್ಲ ಅನ್ನುವ ಮಾತು ಮುಗಿಯಿತು.

ಅಪ್ಪಯ್ಯ ಬೇಡ ಅನ್ನೋದು ಯಾಕೆ ಅಂತ ಒಂದು ಸಲ ಕೂತು ಕೇಳಿದ್ದೀಯಾ? 2014 ಅವರೂ ನೋಡಿದವರೇ ಇರಬೇಕು.

ಗಾಡಿ ನೋಡೋಕೆ ಶಿವಮೊಗ್ಗಕ್ಕೆ ಹೋಗುವ ದಿನ ಹೇಳು, ನಾನೂ ಬರ್ತೀನಿ. ಮಲೆನಾಡಿನ ಗಾಡಿಗೆ ಎರಡು ಕಡೆ ನೋಡಬೇಕು: ಅಡಿಯ ತುಕ್ಕು, ಬಾನೆಟ್ ಒಳಗೆ ಇಲಿ ಕಡಿದ ವೈರು. ಮಲಗಿ ನೋಡೋಕೆ ಒಂದು ಹಳೇ ಗೋಣಿಚೀಲ ತಗೊಂಡು ಬಾ.